ನಮ್ಮ ಬಾಗಿಲಿನ ವಯಸ್ಸು

ಹಳೆಯದನ್ನು ಬಳಸುವುದರಲ್ಲಿ ನಮ್ಮ ಕಡೆಯವರನ್ನು ಮೀರಿಸುವವರಿಲ್ಲ. ಹಳೆಯದನ್ನು ಬಳಸುತ್ತಿದ್ದೇವೆಂದು ಒಪ್ಪಿಕೊಳ್ಳದೆ ಇರುವುದರಲ್ಲಂತೂ ನಮ್ಮ ಹತ್ತಿರ ಯಾರೂ ಸುಳಿಯಲಾರರು. ನಮ್ಮಪ್ಪನ ಪಂಚೆ ಹರಿದರೆ ಅದು ಮಗುವಿನ ತೊಟ್ಟಿಲಿಗೆ ಹೋಗುತ್ತಿತ್ತು. ತೊಟ್ಟಿಲಲ್ಲಿ ಹರಿದರೆ ಲಾಟೀನಿನ ಗಾಜು ಒರೆಸಲು ಬರುತ್ತಿತ್ತು. ಅಲ್ಲಿಯೂ ಚಿಂದಿಯಾದರೆ ಎತ್ತಿನ ಕೊಂಬಿಗೆ ಎಣ್ಣೆ ಸವರುವ ಕೆಲಸ ಅದಕ್ಕಾಗಿ ಕಾದಿರುತ್ತಿತ್ತು. ಇಷ್ಟಾದರೂ ಮನೆಗೆ ಬಂದ ನೆಂಟರು ಯಾವುದಾದರೂ ವಸ್ತುವನ್ನು ತೋರಿಸಿ ‘ಹೊಸದಾ?’ ಎಂದು ಕೇಳಿದರೆ, ‘ಹೂಂ, ಮೊನ್ನೆ ತಂದದ್ದು’ ಎನ್ನುವುದೇ ಮರ್ಯಾದೆ. ಕೇಳಿದವರಿಗೂ ನಿಜ ಗೊತ್ತಿರುತ್ತದೆ. ಅವರು ‘ಚೆನ್ನಾಗದೆ’ ಎಂದು ತಲೆದೂಗುವುದು ಅವರ ಮರ್ಯಾದೆ. ಹೀಗೆ ಎರಡು ಕಡೆಯ ಮರ್ಯಾದೆಯೂ ಉಳಿದು ಕಾಫಿ ಬರುತ್ತದೆ. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಕಣ್ಣಿಗೆ ಕಂಡದ್ದನ್ನು ಕಂಡಂತೆಯೇ ಬರೆಯಬೇಕೆಂದು ಮಕ್ಕಳಿಗೆ ಪಾಠ ಹೇಳುವವನು. ಅಂಥವನೇ ಒಂದು ಬಾಗಿಲಿನ ವಿಷಯದಲ್ಲಿ ಎರಡು ಊರುಗಳಲ್ಲಿ ಎರಡು ಮಾತಾಡಿ ಸಿಕ್ಕಿಬಿದ್ದ ಕಥೆಯನ್ನು ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ?

ಚಾಮರಾಜನಗರ ಇನ್ನೂ ಜಿಲ್ಲೆಯಾಗದೆ ತಾಲ್ಲೂಕಾಗಿಯೇ ಇದ್ದ ಕಾಲ. ನನ್ನ ಶಾಲೆ ಅಲ್ಲಿ, ನಾನು ಕಟ್ಟಿಸಿದ ಮನೆಯೂ ಅಲ್ಲಿಯೇ. ನನ್ನ ಹೆಂಡತಿ ರತ್ನ ತೆರಕಣಾಂಬಿಯವಳು. ಆ ಊರಿಗೆ ನಾನು ಹೆಣ್ಣು ನೋಡಲೆಂದು ಎರಡು ಸಲ ಹೋಗಿ ಎರಡು ಸಲ ಉಪ್ಪಿಟ್ಟು ತಿಂದು ಬಂದಿದ್ದೇನೆ. ಯಾಕೆ ಎರಡು ಸಲ ಎಂಬುದು ಸದ್ಯಕ್ಕೆ ಬೇಡ. ರತ್ನನ ಅಕ್ಕ ಗೌರಮ್ಮನನ್ನು ಗುಂಡ್ಲುಪೇಟೆಗೆ ಕೊಟ್ಟಿದ್ದರು. ಗೌರಕ್ಕನ ಗಂಡ, ಅಂದರೆ ನನ್ನ ಷಡ್ಡಕ ಮಲ್ಲಪ್ಪನವರು, ಅರಿಸಿನದ ವ್ಯಾಪಾರಿ. ಅವರ ಅಂಗಿ, ಪಂಚೆ, ಕಡೆಗೆ ಅವರು ಎಣಿಸಿಕೊಡುವ ನೋಟು ಕೂಡ ಒಂದು ಛಾಯೆ ಹಳದಿಯಾಗಿಯೇ ಇರುತ್ತಿತ್ತು. ಮನುಷ್ಯ ಒಳ್ಳೆಯವರು. ಆದರೆ ಗೊತ್ತಿಲ್ಲದ ವಿಷಯವೆಂಬುದು ಅವರಿಗೆ ಇರಲೇ ಇಲ್ಲ. ಬೆಟ್ಟದ ಗೋಪಾಲಸ್ವಾಮಿಗೆ ಯಾವ ಹೊತ್ತಿನಲ್ಲಿ ಮಂಜು ಕವಿಯುತ್ತದೆ ಎಂಬುದರಿಂದ ಹಿಡಿದು ನನ್ನ ಶಾಲೆಗೆ ಮುಂದಿನ ಹೆಡ್‌ಮಾಸ್ಟರ್ ಯಾರು ಎಂಬುದರವರೆಗೆ ಅವರು ಬಾಯಿ ಹಾಕದ ಸಂಗತಿ ಇರಲಿಲ್ಲ.

ಈ ಅಕ್ಕತಂಗಿಯರ ವಿಷಯವನ್ನು ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಬಾಗಿಲು ಅರ್ಥವಾಗುವುದಿಲ್ಲ. ರತ್ನ ಹುಟ್ಟಿದಾಗಿನಿಂದ ಅಕ್ಕ ಉಟ್ಟು ಬಿಟ್ಟದ್ದನ್ನೇ ಉಟ್ಟವಳು. ಅಕ್ಕನ ಲಂಗ, ಅಕ್ಕನ ಸ್ಲೇಟು, ಅಕ್ಕನ ಪಠ್ಯಪುಸ್ತಕ. ಪುಸ್ತಕದಲ್ಲಿ ಗೌರಕ್ಕ ಮಾಡಿದ ತಪ್ಪು ಲೆಕ್ಕಗಳು ಸಮೇತ ಇರುತ್ತಿದ್ದುದರಿಂದ ರತ್ನ ಗಣಿತದಲ್ಲಿ ಅಕ್ಕ ತಪ್ಪಿದ ಕಡೆಯೇ ತಪ್ಪುತ್ತಿದ್ದಳಂತೆ. ಹಬ್ಬಕ್ಕೆ ಅಂಗಡಿಯಿಂದ ಒಂದೇ ಲಂಗದ ಬಟ್ಟೆ ಬರುತ್ತಿತ್ತು, ಅದು ಅಕ್ಕನಿಗೆ. ಅಕ್ಕನ ಹೋದ ವರ್ಷದ ಲಂಗವನ್ನು ಬಿಚ್ಚಿ, ಮಡಿಕೆ ಬದಲಿಸಿ, ಅಂಚಿಗೆ ಬೇರೆ ಬಣ್ಣದ ಪಟ್ಟಿ ಕೊಟ್ಟು ರತ್ನ ತಾನೇ ಹೊಲಿದುಕೊಳ್ಳುತ್ತಿದ್ದಳು. ಇದನ್ನೆಲ್ಲ ಅವಳು ಅಳುತ್ತಾ ಹೇಳಿದವಳಲ್ಲ, ನಗುತ್ತಲೇ ಹೇಳುತ್ತಿದ್ದಳು. ಆದರೆ ಸೈಟಿಗೆ ಪಾಯ ತೋಡಿದ ದಿನ ನನ್ನನ್ನು ಪಕ್ಕಕ್ಕೆ ಕರೆದು, ಈ ಮನೆ ಮಾತ್ರ ಹೊಸದಾಗಿರಬೇಕು, ಯಾರದ್ದೂ ಬಿಟ್ಟದ್ದು ಆಗಿರಬಾರದು ಎಂದಾಗ ನಗುತ್ತಿರಲಿಲ್ಲ. ಆಗಲಿ ಎಂದೆ. ಮೇಷ್ಟ್ರ ಸಂಬಳದಲ್ಲಿ ‘ಆಗಲಿ’ ಎಂಬುದೊಂದೇ ಧಾರಾಳವಾಗಿ ಕೊಡಬಹುದಾದ ವಸ್ತು.

ಅದೇ ಹೊತ್ತಿಗೆ ಸರಿಯಾಗಿ ಮಲ್ಲಪ್ಪನವರು ಗುಂಡ್ಲುಪೇಟೆಯಲ್ಲಿ ಮನೆ ಕಟ್ಟಿಸಿ, ಮುಂಬಾಗಿಲಿಗೆ ಡಿಪೋದಿಂದ ಹೊಸ ತೇಗ ತಂದು ಹಾಕಿಸಿದ್ದರು. ಗೃಹಪ್ರವೇಶದ ದಿನ ದೇವರಿಗಿಂತ ಹೆಚ್ಚು ಜನ ಬಾಗಿಲಿಗೆ ಕೈಮುಗಿದರು. ಮೊದಲ ಮಳೆಗಾಲದಲ್ಲೇ ಆ ಬಾಗಿಲು ಉಬ್ಬಿಕೊಂಡಿತು. ಹಸಿ ಇದ್ದಿರಬೇಕು. ಮಳೆ ಬಂದ ದಿನ ಮಲ್ಲಪ್ಪನವರು ತಮ್ಮ ಮನೆಗೆ ತಾವೇ ಭುಜ ಕೊಟ್ಟು ತಳ್ಳಿಕೊಂಡು ಒಳಗೆ ಹೋಗಬೇಕಾಗುತ್ತಿತ್ತು. ‘ಒಳ್ಳೇ ಮರ ಅಂದ್ರೆ ಅಂಗೇ, ವಸಿ ಬಿಗಿತದೆ’ ಎಂದು ಅದನ್ನೂ ಮರದ ಗುಣದ ಪಟ್ಟಿಗೇ ಸೇರಿಸಿಕೊಂಡಿದ್ದರು.

ನನಗೆ ಹೊಸ ತೇಗವೆಂಬುದು ಗಗನಕುಸುಮ. ಆಗ ಗುಂಡ್ಲುಪೇಟೆಯ ಊರಾಚೆ ಕೋಯಾ ಎಂಬುವರು ಹಳೆಯ ಮರದ ವ್ಯಾಪಾರ ಮಾಡುತ್ತಿದ್ದರು. ಗಡಿಯಾಚೆ ವಯನಾಡಿನ ಕಡೆ ಕೆಡವಿದ ಮನೆಗಳ ತೊಲೆ, ಕಂಬ, ಬಾಗಿಲು, ಕಿಟಕಿ ಎಲ್ಲ ಲಾರಿಯಲ್ಲಿ ಬಂದು ಅವರ ಕೊಟ್ಟಿಗೆಯಲ್ಲಿ ಒರಗಿ ನಿಂತಿರುತ್ತಿದ್ದವು. ಷಡ್ಡಕರ ಊರಿಗೇ ಹೋಗಿ ಷಡ್ಡಕರ ಕಣ್ಣಿಗೆ ಬೀಳದೆ ಬಾಗಿಲು ಕೊಳ್ಳುವುದೆಂದರೆ ಹುಡುಗಾಟವಲ್ಲ. ತಲೆಗೆ ಟವೆಲ್ ಸುತ್ತಿಕೊಂಡು ಹೋದೆ. ಕೋಯಾ ಒಂದು ದಪ್ಪ ತೇಗದ ಬಾಗಿಲನ್ನು ತೋರಿಸಿ ಬೆರಳ ಗೆಣ್ಣಿನಿಂದ ತಟ್ಟಿದರು. ಹಿತ್ತಾಳೆ ಕೊಳಗ ತಟ್ಟಿದ ಹಾಗೆ ಸದ್ದು ಬಂತು. ಮೈಯೆಲ್ಲ ನೀಲಿ ಬಣ್ಣ, ಮೊಳೆಯ ತೂತುಗಳು, ಕೆಳಗೆ ಒಂದು ಕಡೆ ಹಳೆಯ ಅಗುಳಿಯ ಗಾಯ. ಯಾವ ಮನೆಯದು ಎಂದು ಕೇಳಿದೆ. ‘ನಲ್ಲ ಮನೆ ಸಾರೇ, ಒಳ್ಳೇ ಮನೆ’ ಎಂದರು. ಕೆಡವಿದ ಮೇಲೆ ಎಲ್ಲರ ಮನೆಯೂ ಒಳ್ಳೆಯ ಮನೆಯೇ. ರಸೀದಿ ಕೇಳಿದ್ದಕ್ಕೆ ಎರಡೂ ಕೈಯಿಂದ ನನ್ನ ಕೈ ಕುಲುಕಿದರು. ಅವರ ಅಂಗಡಿಯಲ್ಲಿ ರಸೀದಿ ಎಂದರೆ ಅದೇ.

ರತ್ನ ಬಾಗಿಲಿನ ಸುತ್ತ ಒಂದು ಸುತ್ತು ಬಂದು, ಅಗುಳಿಯ ಗಾಯದ ಮೇಲೆ ಬೆರಳಿಟ್ಟು ನೋಡಿದಳು. ಅಕ್ಕನ ಲಂಗವನ್ನು ಕೈಗೆ ತೆಗೆದುಕೊಂಡು ಎಲ್ಲಿ ಬಿಚ್ಚಬೇಕು ಎಂದು ನೋಡುತ್ತಿದ್ದುದು ಹೀಗೆಯೇ ಇರಬೇಕೆಂದು ನನಗೆ ಆಗ ಅನ್ನಿಸಿತು. ಮರುದಿನ ಬಡಗಿ ಸಿದ್ದಾಚಾರಿಯನ್ನು ಕೂರಿಸಿಕೊಂಡು ಅಪ್ಪಣೆ ಕೊಟ್ಟಳು: ನೀಲಿ ಬಣ್ಣದ ಒಂದು ಚುಕ್ಕೆಯೂ ಉಳಿಯಬಾರದು, ಒಂದು ತೂತೂ ಕಾಣಬಾರದು. ಸಿದ್ದಾಚಾರಿ ಉಜ್ಜುಗೊರಡು ಹೊಡೆದ, ಮರದ ಪುಡಿಗೆ ಅಂಟು ಕಲಸಿ ತೂತು ಮುಚ್ಚಿದ, ಮರಳು ಕಾಗದದಲ್ಲಿ ತಿಕ್ಕಿದ, ಪಾಲಿಶ್ ಬಳಿದ. ಬಾಗಿಲು ಹದಿನಾರರ ಹುಡುಗಿಯಂತೆ ಹೊಳೆಯಿತು. ಅದು ನಮ್ಮ ಚೌಕಟ್ಟಿಗಿಂತ ಒಂದು ಗೇಣಿಗೂ ಮಿಕ್ಕಿ ಉದ್ದವಿದ್ದುದರಿಂದ ಕೆಳಗಿನ ತುಂಡನ್ನು ಮೊದಲೇ ಕೊಯ್ದು ಪಕ್ಕಕ್ಕಿಟ್ಟಿದ್ದ. ಎಸೆಯುವುದು ಬೇಡವೆಂದು ಅದರಲ್ಲೊಂದು ಮಣೆ ಮಾಡಿಕೊಟ್ಟ. ಮಣೆಯ ಮೇಲ್ಮೈ ಮಾತ್ರ ನುಣುಪು ಮಾಡಿದ್ದ. ಅಡಿಯನ್ನು ಯಾರು ನೋಡುತ್ತಾರೆಂದು ಹಾಗೆಯೇ ಬಿಟ್ಟಿದ್ದ. ಅಂದಿನಿಂದ ಮನೆಗೆ ದೊಡ್ಡ ನೆಂಟರು ಬಂದರೆ ಊಟಕ್ಕೆ ಕೂರಲು ಆ ಮಣೆ.

ಗೃಹಪ್ರವೇಶಕ್ಕೆ ಬಂದ ಮಲ್ಲಪ್ಪನವರು ಬಾಗಿಲನ್ನು ತಟ್ಟಿದರು. ಸದ್ದು ಕೇಳಿ ಇನ್ನೊಮ್ಮೆ ತಟ್ಟಿದರು. ಯಾವ ಡಿಪೋ ಎಂದರು. ನಾನು ಬಾಯಿ ತೆರೆಯುವುದರೊಳಗೆ ರತ್ನ, ಪುಣಜನೂರಿನ ಕಡೆಯಿಂದ ತರಿಸಿದ್ದು, ಹೊಸದು ಎಂದುಬಿಟ್ಟಳು. ನಾನು ಹೌದೆಂದೆ. ಗೌರಕ್ಕ ಬಾಗಿಲಿನ ಮೇಲೆ ಅಂಗೈ ಸವರಿ, ‘ನಮ್ಮದಕಿಂತ ನುಣ್ಣಗದೆ ಕಣಮ್ಮಿ’ ಎಂದಳು. ಅವತ್ತು ರತ್ನನ ಮುಖ ನೋಡಬೇಕಿತ್ತು. ಮದುವೆಯ ದಿನವೂ ಅವಳು ಅಷ್ಟು ಗೆಲುವಾಗಿದ್ದುದನ್ನು ನಾನು ಕಂಡಿರಲಿಲ್ಲ. ಒಂದು ಸುಳ್ಳಿಗೆ ಇಷ್ಟು ಸಂತೋಷ ಸಿಗುವುದಾದರೆ ಇರಲಿ ಬಿಡು ಎಂದುಕೊಂಡೆ.

ಇರಲಿ ಬಿಡು ಎಂದದ್ದು ಶಾಲೆಯಲ್ಲಿ ಬಂದು ಕೂತಿತು. ನಾನು ಅಲ್ಲಿ ಪರಿಸರ ಸಂಘದ ಮೇಷ್ಟ್ರು. ವನಮಹೋತ್ಸವದ ದಿನ ಸಸಿ ನೆಟ್ಟು, ಒಂದು ಮರ ಕಡಿದರೆ ಏನೇನು ಹಾಳಾಗುತ್ತದೆಂದು ಗಂಟಲು ಕಟ್ಟುವವರೆಗೆ ಮಾತನಾಡುವುದು ನನ್ನ ಕೆಲಸ. ಆ ವರ್ಷ ಮಾತು ಮುಗಿಸಿ ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಕೇಳಿದಾಗ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳು ನಮ್ಮ ಪಕ್ಕದ ಮನೆಯ ನಂಜುಂಡಯ್ಯನವರ ಮೊಮ್ಮಗಳು. ‘ಸಾರ್, ನಿಮ್ಮ ಮನೆ ಹೊಸಾ ಬಾಗಿಲಿಗೆ ಎಷ್ಟು ಮರ ಕಡಿದ್ರು?’ ಎಂದು ಬಹಳ ವಿನಯದಿಂದ ಕೇಳಿದಳು. ಶಾಲೆಗೆ ಶಾಲೆಯೇ ನನ್ನ ಕಡೆ ತಿರುಗಿತು. ಹೆಡ್‌ಮಾಸ್ಟರು ಕೆಮ್ಮಿದರು. ಸ್ಟಾಫ್ ರೂಮಿಗೆ ಬಂದು, ಅದು ಹಳೆಯ ಮರ, ಕೆಡವಿದ ಮನೆಯದ್ದು ಎಂದು ಎಷ್ಟು ಹೇಳಿದರೂ ಒಬ್ಬರೂ ನಂಬಲಿಲ್ಲ. ಗೃಹಪ್ರವೇಶಕ್ಕೆ ಬಂದು ಹೋಳಿಗೆ ತಿಂದು ಬಾಗಿಲು ತಟ್ಟಿ ಹೋದವರೇ ಅವರೆಲ್ಲ. ಮುಂದಿನ ವರ್ಷದಿಂದ ಪರಿಸರ ಸಂಘವನ್ನು ಡ್ರಿಲ್ ಮೇಷ್ಟ್ರಿಗೆ ಕೊಟ್ಟರೆ ಹೇಗೆ ಎಂದು ಹೆಡ್‌ಮಾಸ್ಟರು ಮೃದುವಾಗಿ ವಿಚಾರಿಸಿದರು. ಡ್ರಿಲ್ ಮೇಷ್ಟ್ರು ಸಸಿಗಳನ್ನೂ ಸಾವಧಾನ್‌ನಲ್ಲಿ ನಿಲ್ಲಿಸುವ ಮನುಷ್ಯ. ನನಗೆ ನಿಜವಾಗಿಯೂ ನೋವಾಯಿತು. ಆ ಸಂಘವನ್ನು ನಾನೇ ಕಟ್ಟಿದ್ದೆ.

ಈಗೆಲ್ಲ ಹಸಿರು ಕಟ್ಟಡಕ್ಕೆ ಇಷ್ಟು ಅಂಕ, ಅಷ್ಟು ನಕ್ಷತ್ರ ಎಂದು ಲೆಕ್ಕವಿದೆಯಂತೆ. ಆಗ ಅದೊಂದೂ ಇರಲಿಲ್ಲ. ಮೈಸೂರಿನಲ್ಲಿ ನಿವೃತ್ತರಾದ ಕೆಲವರು ಸೇರಿ ಒಂದು ಸಣ್ಣ ಸಂಘ ಮಾಡಿಕೊಂಡು, ಕಾಡಿಗೆ ಭಾರವಾಗದಂತೆ ಕಟ್ಟಿದ ಮನೆಗಳನ್ನು ನೋಡಿ ‘ಹಸಿರು ಮನೆ’ ಎಂದು ಪ್ರಮಾಣಪತ್ರ ಕೊಡುತ್ತಿದ್ದರು. ಅವರಿಗೆ ಕಾಗದ ಬರೆದೆ. ನನ್ನ ಮುಂಬಾಗಿಲು ಮರುಬಳಕೆಯ ಮರದ್ದು, ಹಳೆಯ ಮರದ ಅಂಗಡಿಯಲ್ಲಿ ಕೊಂಡದ್ದು, ಬಂದು ನೋಡಿ ಎಂದೆ. ರತ್ನನಿಗೂ ಹೇಳಿದೆ. ಅವಳು ಒಪ್ಪಿದಳು, ಆದರೆ ಒಂದು ಕರಾರು ಹಾಕಿದಳು. ಪ್ರಮಾಣಪತ್ರ ಶಾಲೆಯ ಗೋಡೆಗೆ ಮಾತ್ರ, ಮನೆಗೆ ತರುವಂತಿಲ್ಲ. ಗುಂಡ್ಲುಪೇಟೆಯ ಕಿವಿಗೆ ಬೀಳುವಂತಿಲ್ಲ. ಹೀಗೆ ನಮ್ಮ ಬಾಗಿಲು ಗುಂಡ್ಲುಪೇಟೆಯಲ್ಲಿ ಹೊಸದಾಗಿಯೂ ಚಾಮರಾಜನಗರದಲ್ಲಿ ಹಳೆಯದಾಗಿಯೂ ಇರತಕ್ಕದ್ದೆಂದು ನಿರ್ಧಾರವಾಯಿತು. ಎರಡೂ ಊರುಗಳ ನಡುವೆ ತೆರಕಣಾಂಬಿ ಅಡ್ಡ ಇರುವುದರಿಂದ ಮಾತು ಅತ್ತಿತ್ತ ದಾಟಲಾರದು ಎಂಬ ಧೈರ್ಯ ನನಗೆ. ಬಸ್ಸು ದಾಟುತ್ತದೆ ಎಂಬುದು ಹೊಳೆಯಲಿಲ್ಲ.

ಸಂಘದವರು ಗೌರಿ ಹಬ್ಬಕ್ಕೆ ಮುಂಚಿನ ಭಾನುವಾರ ಬರುತ್ತೇವೆಂದು ಬರೆದರು. ಅತ್ತೆ ತೀರಿಕೊಂಡ ಮೇಲೆ ತಾಯಿಯ ಜಾಗದಲ್ಲಿ ನಿಂತು ಗೌರಕ್ಕನೇ ಪ್ರತಿ ವರ್ಷ ತಂಗಿಗೆ ಬಾಗಿನ ತರುತ್ತಿದ್ದಳು. ಆ ವರ್ಷ ಸೋಮವಾರ ಬರುವುದಾಗಿ ಹೇಳಿ ಕಳಿಸಿದ್ದಳು. ಭಾನುವಾರ ಬೆಳಿಗ್ಗೆಯ ಬಸ್ಸಿಗೇ ಮೊರ, ಸೀರೆ, ಗಂಡ ಸಮೇತ ಬಂದಿಳಿದಳು. ಸೋಮವಾರ ಮಲ್ಲಪ್ಪನವರಿಗೆ ಅರಿಸಿನದ ಲಾರಿ ಇದೆಯಂತೆ. ರತ್ನ ನನ್ನನ್ನು ನೋಡಿದಳು, ನಾನು ಗಡಿಯಾರ ನೋಡಿದೆ. ಮೈಸೂರಿನವರು ರೈಲಿಗೆ ಹೊರಟಾಗಿತ್ತು. ಆ ರೈಲು ಎಷ್ಟು ನಿಧಾನವಾದರೂ ಬರದೆ ಇರುವ ರೈಲಲ್ಲ.

ಗಂಡಸರ ಊಟ ಮೊದಲು ಆಯಿತು. ಮಲ್ಲಪ್ಪನವರು ಎಲೆ ಅಡಿಕೆ ಹಾಕಿಕೊಂಡು ಜಗುಲಿಯಲ್ಲಿ ಕೂತರು. ಒಳಗೆ ರತ್ನ ಅಕ್ಕನಿಗೆ ಮಣೆ ಹಾಕಿ ಎಲೆ ಹಾಸಿ ಬಡಿಸತೊಡಗಿದಳು. ಅಷ್ಟರಲ್ಲಿ ಗೇಟು ಸದ್ದಾಯಿತು. ಬಂದವರು ಇಬ್ಬರು. ಒಬ್ಬರು ನಿವೃತ್ತ ಇಂಜಿನಿಯರ್ ಶ್ರೀಕಂಠಯ್ಯನವರು, ಬಗಲಲ್ಲಿ ಛತ್ರಿ, ಜೇಬಿನಲ್ಲಿ ಭೂತಗಾಜು. ಇನ್ನೊಬ್ಬರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದ ವಿಮಲಾ ಮೇಡಂ. ಶ್ರೀಕಂಠಯ್ಯನವರು ಬಾಗಿಲ ಮುಂದೆ ನಿಂತು ಹಿಂದೆ ಮುಂದೆ ನೋಡಿ ಮೇಡಂಗೆ, ‘ಇದನ್ನ ಹಳೇ ಮರ ಅಂತ ಹೇಳಿದ್ದಾರಲ್ಲ’ ಎಂದರು. ನಾನು ಹೂಂ ಎನ್ನಲು ಹೊರಟಿದ್ದೆ. ಮಲ್ಲಪ್ಪನವರು ಎಲೆ ಅಡಿಕೆ ಉಗುಳಿ ಎದ್ದು ನಿಂತರು.

‘ಯಾವನ್ ಸಾ ಅಂಗಂದೋನು? ಇದು ಒಸಾ ತ್ಯಾಗದ ಮರ. ಡಿಪೋಲಿ ನಾನೇ ನಿಂತ್ಕಂಡು ಕೊಡ್ಸಿದ್ದು.’

ಅವರು ಡಿಪೋದಲ್ಲಿ ನಿಂತಿರಲಿಲ್ಲ, ಕೊಡಿಸಿರಲಿಲ್ಲ. ಆ ಬಾಗಿಲಿನ ಮೇಲೆ ಅವರಿಗೆ ಮೊದಲ ದಿನದಿಂದಲೇ ಅನುಮಾನವಿತ್ತೆಂದು ನನಗೆ ಚೆನ್ನಾಗಿ ಗೊತ್ತು. ಆದರೆ ಪರ ಊರಿನವರು ಯಾರೋ ಬಂದು ತಮ್ಮ ಷಡ್ಡಕನ ಬಾಗಿಲನ್ನು ಹಳೆಯದು ಎಂದಾಗ ಮನೆತನದ ಮಾನ ಕಾಪಾಡುವುದು ತಮ್ಮ ಕರ್ತವ್ಯವೆಂದು ಅವರಿಗೆ ಕಂಡಿತ್ತು. ಇಷ್ಟು ವರ್ಷ ನಾನು ಯಾರನ್ನು ಜಂಬದ ಮನುಷ್ಯ ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದೆನೋ ಆ ಮನುಷ್ಯ ನನ್ನ ಪರವಾಗಿ ಎದೆ ಸೆಟೆಸಿ ಸುಳ್ಳು ಹೇಳುತ್ತಿದ್ದರು. ಸದ್ದು ಕೇಳಿ ಪಕ್ಕದ ಮನೆಯ ನಂಜುಂಡಯ್ಯನವರು ಬಂದರು. ವಿಷಯವೇನೆಂದು ತಿಳಿದ ಕೂಡಲೇ ಅವರೂ, ಲಾರಿಯಿಂದ ಹಸಿ ಮರ ಇಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಬೀದಿಯೆಲ್ಲ ತೇಗದ ವಾಸನೆ ಬಂದಿತ್ತು ಎಂದು ಸಾಕ್ಷಿ ಹೇಳಿದರು. ಎದುರು ಮನೆಯವರು ಕಿಟಕಿಯಿಂದಲೇ ಅನುಮೋದಿಸಿದರು. ನನ್ನನ್ನು ಉಳಿಸಲು ಇಡೀ ಬೀದಿ ಒಂದಾಗಿತ್ತು. ಈಗ ನಾನು ಅದು ಹಳೆಯದೇ ಎಂದರೆ ಇಷ್ಟು ಜನ ದೊಡ್ಡವರನ್ನು ಮೈಸೂರಿನವರ ಎದುರು ಸುಳ್ಳುಗಾರರನ್ನಾಗಿ ಮಾಡಿದಂತಾಗುತ್ತದೆ. ಹೊಸದು ಎಂದರೆ ನಾನೇ ಮರ ಕಡಿಸಿದವನು.

ಶ್ರೀಕಂಠಯ್ಯನವರು ಭೂತಗಾಜು ಹಿಡಿದು ಬಾಗಿಲಿನ ಮೇಲೆ ಇಂಚಿಂಚೂ ಹುಡುಕಿದರು. ಹಳೆಯ ಮರವಾದರೆ ಮೊಳೆಯ ತೂತೆಲ್ಲಿ, ಹಳೆಯ ಕೀಲಿನ ಗುರುತೆಲ್ಲಿ ಎಂದು ಕೇಳಿದರು. ಸಿದ್ದಾಚಾರಿಯ ಕೈ ಅಷ್ಟು ಶುದ್ಧವಾಗಿತ್ತು. ಇಷ್ಟು ಕೊರೆದು ಉಜ್ಜಿ ಪಾಲಿಶ್ ಬಳಿದ ಮೇಲೆ ಹಳೆಯದಾಗಿದ್ದರೂ ಅದು ಹೊಸ ಮಾಲೇ ಅಲ್ಲವೇ ಎಂಬುದು ಅವರ ವಾದ. ವಿಮಲಾ ಮೇಡಂ ಒಪ್ಪಲಿಲ್ಲ. ಪಾಲಿಶ್ ಬಳಿದರೆ ಬಳಿಯಲಿ, ಕಾಡಿನಲ್ಲಿ ಒಂದು ಮರ ಉಳಿಯಿತೋ ಇಲ್ಲವೋ ಅಷ್ಟು ಹೇಳಿ ಎಂದರು. ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡರೆ ಅದು ವ್ಯಾಪಾರ, ಮರುಬಳಕೆ ಹೇಗಾಗುತ್ತದೆ ಎಂದು ಶ್ರೀಕಂಠಯ್ಯನವರು. ನೀವು ಓಡಿಸುವ ಸೆಕೆಂಡ್ ಹ್ಯಾಂಡ್ ಸ್ಕೂಟರನ್ನು ಹಿಂದಿನವರು ನಿಮಗೆ ಪುಕ್ಕಟೆ ಕೊಟ್ಟರೇ ಎಂದು ಮೇಡಂ. ಇಬ್ಬರೂ ಮೂವತ್ತು ವರ್ಷ ಪಾಠ ಮಾಡಿದವರಂತೆ ಬೆರಳೆತ್ತಿ ವಾದಿಸಿದರು. ನಂಜುಂಡಯ್ಯನವರು ಕುರ್ಚಿ ತರಿಸಿಕೊಂಡು ಕೂತರು. ಕಡೆಗೆ ಶ್ರೀಕಂಠಯ್ಯನವರು ಛತ್ರಿಯನ್ನು ನೆಲಕ್ಕೆ ಊರಿ ತೀರ್ಮಾನ ಹೇಳಿದರು: ‘ಒಬ್ಬರು ಬೇಡ ಅಂತ ಬಿಟ್ಟಿರಬೇಕು. ಅದು ಇನ್ನೊಬ್ಬರ ಮನೇಲಿ ಮತ್ತೆ ಕೆಲಸಕ್ಕೆ ಬಂದಿರಬೇಕು. ಅದಕ್ಕೊಂದು ಗುರುತು ಇರಬೇಕು. ಅಷ್ಟಿದ್ದರೆ ಮರುಬಳಕೆ. ಗುರುತು ತೋರಿಸಿ, ಈಗಲೇ ಬರೆದುಕೊಡ್ತೀನಿ. ನಮಗೆ ಸಂಜೆ ರೈಲಿದೆ.’

ಗುರುತು ಎಂದ ಕೂಡಲೇ ನನಗೆ ಮಣೆಯ ಅಡಿ ನೆನಪಾಯಿತು. ನೀಲಿ ಬಣ್ಣ, ಮೊಳೆಯ ತೂತು, ಎಲ್ಲ ಅಲ್ಲಿ ಹಾಗೆಯೇ ಇತ್ತು. ಒಳಗೆ ಓಡಿದೆ. ಮಣೆಯ ಮೇಲೆ ಗೌರಕ್ಕ ಕೂತಿದ್ದಳು.

ಊಟಕ್ಕೆ ಕೂತವರನ್ನು ನಡುವೆ ಎಬ್ಬಿಸುವುದೆಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಅದರಲ್ಲೂ ತಾಯಿಯ ಜಾಗದಲ್ಲಿ ಬಾಗಿನ ತಂದವಳನ್ನು ಎಬ್ಬಿಸಿ, ಅವಳ ಅಡಿಯಿಂದ ಮಣೆ ಎಳೆದುಕೊಂಡು ಹೋಗಿ ಮೈಸೂರಿನವರಿಗೆ ತೋರಿಸುವುದು ಹೇಗೆ? ಗೌರಕ್ಕ ಇನ್ನೂ ಅನ್ನಕ್ಕೆ ಬಂದಿದ್ದಳು. ಅವಳು ಹೊಲದ ಸಾಲು ಹಿಡಿದ ಹಾಗೆ ಎಲೆಯ ಒಂದು ತುದಿಯಿಂದ ನಿಧಾನವಾಗಿ ಊಟ ಮಾಡುವವಳು. ನಾನು ರತ್ನನಿಗೆ ಕಣ್ಣಲ್ಲೇ ಮಣೆ ತೋರಿಸಿದೆ. ಅವಳಿಗೆ ಅರ್ಥವಾಯಿತು. ಅರ್ಥವಾಗಿ, ಹೋಳಿಗೆಯ ತಟ್ಟೆ ತೆಗೆದುಕೊಂಡು ಹೋಗಿ ಅಕ್ಕನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು.

ನಾನು ಹೊರಗೆ ಹೋಗಿ, ಗುರುತು ಇದೆ, ಊಟ ಮಾಡುತ್ತಿದೆ ಎಂದೆ. ಗಾಬರಿಯಲ್ಲಿ ಹಾಗೆಯೇ ಬಾಯಿಗೆ ಬಂತು. ಶ್ರೀಕಂಠಯ್ಯನವರು ಗಡಿಯಾರ ನೋಡಿಕೊಂಡರು. ಮತ್ತೆ ಒಳಗೆ ಬಂದೆ. ರತ್ನ ತುಪ್ಪ ಬಡಿಸುತ್ತಿದ್ದಳು. ಹೊರಗೆ ಹೋದೆ, ಒಳಗೆ ಬಂದೆ. ಅವಳು ಪಾಯಸ ಬಡಿಸುತ್ತಿದ್ದಳು. ಗೌರಕ್ಕ ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೆ, ಇನ್ನೊಂದು ಸೌಟು ಹಾಕಿಸಿಕೊಳ್ಳದಿದ್ದರೆ ನನ್ನಾಣೆ ಎನ್ನುತ್ತಿದ್ದಳು ರತ್ನ. ಗೌರಕ್ಕ ಎಲೆಯ ಮುಂದಿರುವಷ್ಟು ಹೊತ್ತು ನಮ್ಮ ಬಾಗಿಲು ಹೊಸದು. ಅವಳು ಎದ್ದ ಕ್ಷಣ ಅದು ಹಳೆಯದು, ರತ್ನ ಮತ್ತೆ ಅಕ್ಕನ ಲಂಗ ಉಟ್ಟ ಹುಡುಗಿ. ಇದೆಲ್ಲ ಕಣ್ಣೆದುರು ಕಾಣುತ್ತಿದ್ದಾಗ ನನ್ನ ಪರಿಸರ ಸಂಘ ಬಹಳ ಸಣ್ಣದಾಗಿ ಕಂಡಿತು. ಹೋಗಲಿ, ಸಸಿಗಳು ಸಾವಧಾನ್‌ನಲ್ಲೇ ನಿಲ್ಲಲಿ ಎಂದುಕೊಂಡು, ಮೈಸೂರಿನವರಿಗೆ ಕ್ಷಮಿಸಿ ಎಂದು ಹೇಳಿ ಕಳಿಸಿಬಿಡುತ್ತೇನೆಂದು ರತ್ನನ ಕಿವಿಯಲ್ಲಿ ಹೇಳಿದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಕೈಯಲ್ಲಿದ್ದ ಪಾಯಸದ ಪಾತ್ರೆಯನ್ನು ಕೆಳಗಿಟ್ಟು, ಅಕ್ಕನಿಗೆ ಮಜ್ಜಿಗೆ ಬಡಿಸಿದಳು.

ಮಜ್ಜಿಗೆ ಬಡಿಸಿದರೆ ಊಟ ಮುಗಿಯಿತು ಎಂದು ಲೆಕ್ಕ.

ಗೌರಕ್ಕ ಕೈ ತೊಳೆದುಕೊಂಡು ಬರುವಷ್ಟರಲ್ಲಿ ರತ್ನ ಮಣೆಯನ್ನು ಎತ್ತಿಕೊಂಡು ಜಗುಲಿಗೆ ಹೋಗಿ ಎಲ್ಲರೆದುರು ಬೋರಲು ಹಾಕಿದಳು. ನೀಲಿ ಬಣ್ಣ, ಮೊಳೆಯ ತೂತುಗಳು, ಅಗುಳಿ ಕೊರೆದ ಹಳ್ಳ. ಶ್ರೀಕಂಠಯ್ಯನವರು ಮಂಡಿಯೂರಿ ಭೂತಗಾಜು ಹಿಡಿದರು. ಮಣೆಯ ಅಂಚನ್ನು ಬಾಗಿಲಿನ ಅಡಿಗೆ ಹಿಡಿದಾಗ ಮರದ ಗೆರೆಗಳು ಒಂದಕ್ಕೊಂದು ಸೇರಿಕೊಂಡವು. ಹಿಂದಿನಿಂದ ಗೌರಕ್ಕ ಬಂದು ನಿಂತಿದ್ದಳು.

‘ಅಳೇದು ಕಣಕ್ಕ,’ ಎಂದಳು ರತ್ನ, ತಿರುಗಿ ನೋಡದೆ. ‘ಯಾರದೋ ಮನೇಲಿ ಕಿತ್ತಾಕಿದ್ದು.’

ಗೌರಕ್ಕ ಮಣೆಯನ್ನೂ ಬಾಗಿಲನ್ನೂ ನೋಡಿದಳು. ಇನ್ನೇನು ನಗುತ್ತಾಳೆ ಎಂದುಕೊಂಡೆ. ಅವಳು ಬಾಗಿಲಿನ ಮೇಲೆ ಮತ್ತೆ ಅಂಗೈ ಸವರಿದಳು.

‘ಚಿಕ್ಕುಡುಗೀಲೂ ನೀನು ಇಂಗೇಯ. ನನ್ ಲಂಗ ಬಿಚ್ಚಿ ಒಲ್ಕಂಡ್ರೆ ನನಗಿಂತ ನಿನಗೇ ಚೆಂದಾಗಿ ಕಾಣೋದು. ಅವ್ವ ಬೈತಾಳೆ ಅಂತ ಸುಮ್ಕಿರ್ತಿದ್ದೆ, ಒಟ್ಟೆ ಉರಿಯೋದು ಕಣಮ್ಮಿ.’

ರತ್ನ ತಿರುಗಿ ಅಕ್ಕನನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು. ಮಲ್ಲಪ್ಪನವರಿಗೆ ಮಾತ್ರ ಅಳಲು ಪುರಸೊತ್ತಿರಲಿಲ್ಲ. ಅವರು ಆಗಲೇ ಶ್ರೀಕಂಠಯ್ಯನವರ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ಹಳೆಯ ಮರವೇ ಗಟ್ಟಿ, ಹೊಸದು ಮಳೆಗಾಲದಲ್ಲಿ ಉಬ್ಬುತ್ತದೆ, ಇಂಥದ್ದೇ ಹಾಕಿಸಿ ಎಂದು ಮೇಷ್ಟ್ರಿಗೆ ಹೇಳಿದವನೇ ನಾನು, ಕೋಯಾ ಅಂಗಡಿಯಲ್ಲಿ ನಿಂತು ಕೊಡಿಸಿದವನೂ ನಾನೇ ಎಂದು ವಿವರಿಸುತ್ತಿದ್ದರು. ನಾನು ಕೋಯಾ ಹೆಸರನ್ನು ಯಾರಿಗೂ ಹೇಳಿರಲಿಲ್ಲ. ತಲೆಗೆ ಸುತ್ತಿದ ಟವೆಲ್ ಗುಂಡ್ಲುಪೇಟೆಯಲ್ಲಿ ಯಾರನ್ನೂ ಮೋಸಗೊಳಿಸಿರಲಿಲ್ಲವೆಂದು ಆಗ ತಿಳಿಯಿತು. ನಂಜುಂಡಯ್ಯನವರು, ಲಾರಿಯಿಂದ ಇಳಿಸುವಾಗಲೇ ನೀಲಿ ಬಣ್ಣ ಕಂಡಿದ್ದೆ ಎಂದರು.

ಶ್ರೀಕಂಠಯ್ಯನವರು ಕುರ್ಚಿಯಲ್ಲಿ ಕೂತು ಬರೆದುಕೊಳ್ಳತೊಡಗಿದರು. ಬಾಗಿಲಿನದು ಆದ ಮೇಲೆ ಗೋಡೆಯ ಮಣ್ಣು, ಪಾಯದ ಕಲ್ಲು ಎಂದು ಏನೇನೋ ಕೇಳಿದರು. ಕಡೆಗೆ ಕನ್ನಡಕದ ಮೇಲಿಂದ ನೋಡಿ, ಈ ಮನೆಯಲ್ಲಿ ಮರುಬಳಕೆಯದು ಇನ್ನೇನಾದರೂ ಇದೆಯೇ ಎಂದರು. ನಾನು ಇಲ್ಲವೆಂದೆ. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೌರಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು.

‘ಇವ್ರು ಇಲ್ವಾ ಸಾ,’ ಎಂದಳು ರತ್ನ, ನನ್ನ ಕಡೆ ಕೈ ತೋರಿಸಿ. ‘ಮೊದ್ಲು ನಮ್ಮಕ್ಕನ್ನ ನೋಡಕೆ ಬಂದಿದ್ರು. ಅಕ್ಕ ಬ್ಯಾಡ ಅಂತ ಬುಟ್ಟಿದ್ದೇಯ.’

ಈಗ ಹೇಳಿಬಿಡುತ್ತೇನೆ. ಮೊದಲ ಸಲ ತೆರಕಣಾಂಬಿಯಲ್ಲಿ ಉಪ್ಪಿಟ್ಟು ತಂದುಕೊಟ್ಟವಳು ಗೌರಕ್ಕ. ಹುಡುಗ ಬಹಳ ಮಾತಾಡುತ್ತಾನೆ ಎಂದು ಒಳಗೆ ಹೋಗಿ ಹೇಳಿದ್ದಳಂತೆ. ಅವಳಿಗೆ ಮಲ್ಲಪ್ಪನವರ ಜೊತೆ ಮದುವೆಯಾಗಿ ಕೆಲವು ವರ್ಷಗಳ ಮೇಲೆ ನಾನು ಅದೇ ಮನೆಗೆ ಎರಡನೆಯ ಸಲ ಹೋದೆ. ಉಪ್ಪಿಟ್ಟು ತಂದವಳು ರತ್ನ. ಈ ವಿಷಯವನ್ನು ಹನ್ನೆರಡು ವರ್ಷ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ತೂತು ಮುಚ್ಚಿ ಪಾಲಿಶ್ ಬಳಿದಿತ್ತು.

ಮಲ್ಲಪ್ಪನವರು ಮೊದಲು ನಕ್ಕರು, ಆಮೇಲೆ ನಂಜುಂಡಯ್ಯನವರು, ಆಮೇಲೆ ಎದುರು ಮನೆಯ ಕಿಟಕಿ. ಶ್ರೀಕಂಠಯ್ಯನವರು ನಗಲಿಲ್ಲ. ತಾವೇ ಹೇಳಿದ ತೀರ್ಮಾನಕ್ಕೆ ಎಲ್ಲ ರೀತಿಯಲ್ಲೂ ಹೊಂದುವ ವಸ್ತುವನ್ನು ನೋಡುವಂತೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ‘ಬಾಳಿಕೆ ಹೇಗಿದೆಯಮ್ಮ?’ ಎಂದು ರತ್ನನನ್ನೇ ಕೇಳಿದರು.

‘ಗಟ್ಟಿಯಾಗೇ ಅದೆ ಸಾ,’ ಎಂದಳು. ‘ಆಗೀಗ ವಸಿ ಬಿಗಿತದೆ. ಭುಜ ಕೊಟ್ಟು ತಳ್ಳುದ್ರೆ ಸರೋಯ್ತದೆ.’

ಪ್ರಮಾಣಪತ್ರ ಬಂತು, ಪರಿಸರ ಸಂಘ ನನ್ನಲ್ಲೇ ಉಳಿಯಿತು. ಆದರೆ ಪ್ರಮಾಣಪತ್ರವನ್ನು ಶಾಲೆಗೆ ಕೊಡಲು ರತ್ನ ಒಪ್ಪಲಿಲ್ಲ. ಕಟ್ಟು ಹಾಕಿಸಿ ಮುಂಬಾಗಿಲಿನ ಪಕ್ಕದಲ್ಲೇ ತೂಗುಹಾಕಿದಳು. ಗುಂಡ್ಲುಪೇಟೆಯ ಕಡೆಯ ನೆಂಟರು ಬಂದು ‘ಬಾಗಿಲು ಹೊಸದಾ?’ ಎಂದು ಮರ್ಯಾದೆಗೆ ಕೇಳಿದರೆ, ಇಲ್ಲ, ಹಳೆಯದು ಎಂದು ಅವಳು ಮುಖವರಳಿಸಿ ಹೇಳುತ್ತಾಳೆ. ಅವರು ಪ್ರಮಾಣಪತ್ರ ಓದಿಕೊಂಡು ಬಾಗಿಲನ್ನು ತಟ್ಟಿ ನೋಡುತ್ತಾರೆ. ಕಥೆ ಗೊತ್ತಿರುವವರು ಬಾಗಿಲಾದ ಮೇಲೆ ನನ್ನ ಬೆನ್ನನ್ನೂ ಒಮ್ಮೆ ತಟ್ಟಿ ಸದ್ದು ಕೇಳುತ್ತಾರೆ. ಗೌರಕ್ಕ ಬಂದರೆ ಈಗ ಅವಳಿಗೆ ಕುರ್ಚಿ, ಮೇಜು. ಆ ಮಣೆ ನನಗೆ.